ಹೊಂಗೆಯ ಬುಡದಲ್ಲಿ ಮಹಜರು

ಯುಗಾದಿ ಕಳೆದು ಒಂದೆರಡು ವಾರ ಆಗುವಷ್ಟರಲ್ಲಿ ಮೈಸೂರಿನ ಶ್ರೀರಾಂಪುರದ ಅಡ್ಡರಸ್ತೆಗಳ ಬಣ್ಣವೇ ಬೇರೆಯಾಗುತ್ತದೆ. ಮಾನಂದವಾಡಿ ರಸ್ತೆಯ ಬಸ್ಸು, ಟಿಪ್ಪರ್, ಆಟೊಗಳ ಗದ್ದಲ ಬಿಟ್ಟು ಒಳಕ್ಕೆ ತಿರುಗಿದರೆ ಸಾಕು, ಹೊಂಗೆಯ ಎಳೆಹಸಿರು ರಸ್ತೆಯ ಎರಡೂ ಕಡೆಯಿಂದ ಬಾಗಿ ನಡುವೆ ಕೂಡಿಕೊಂಡಿರುತ್ತದೆ. ಬೆಳಗಿನ ಜಾವ ಪೌರಕಾರ್ಮಿಕ ಮಹಿಳೆಯರು ಗುಡಿಸಿ ಹೋದ ಜಾಗದಲ್ಲಿ ಒಂಬತ್ತು ಗಂಟೆಗೆಲ್ಲ ಮತ್ತೆ ಹೂ ಬಿದ್ದಿರುತ್ತದೆ. ಭತ್ತದ ಅರಳು ಚೆಲ್ಲಿದ ಹಾಗೆ, ಬಿಳುಪಿನೊಳಗೆ ನಸುನೇರಳೆ. ಮೇಲೆ ಜೇನುಹುಳುಗಳ ಝೇಂಕಾರ. ಕೆಳಗೆ ನಿಲ್ಲಿಸಿದ ಸ್ಕೂಟರಿನ ಸೀಟಿನ ಮೇಲೂ ಹೂ, ಚಪ್ಪಲಿಯ ಸಂದಿಯಲ್ಲೂ ಹೂ, ಹಾಲಿನ ಬೂತಿನ ಟಾರ್ಪಾಲಿನ ಗುಂಡಿಯಲ್ಲೂ ಹೂ.

ಇಲ್ಲಿ ಹೊಂಗೆ ಒಂದೇ ಅಲ್ಲ. ಮೂಲೆಯಲ್ಲಿ ಬೇವು, ಪಾರ್ಕಿನ ಬೇಲಿಗೆ ಒರಗಿಕೊಂಡು ಬಾದಾಮಿ, ಬಡಾವಣೆ ಎದ್ದ ಕಾಲಕ್ಕೆ ಯಾರೋ ನೆಟ್ಟ ಆಕಾಶಮಲ್ಲಿಗೆ, ಮೇ ತಿಂಗಳಿಗೆ ಕಾದು ಕೂತ ಗುಲ್‌ಮೊಹರ್, ಹಳದಿ ಹೂವಿನ ಪೆಲ್ಟೋಫಾರಂ. ಮನೆಗಳ ಕಾಂಪೌಂಡಿನೊಳಗೆ ತೆಂಗು, ಸೀಬೆ, ಕರಿಬೇವು, ಕಂಬಳಿಹುಳುವಿನ ಕಾಟಕ್ಕೆ ಹೆಸರಾದ ನುಗ್ಗೆ. ಪಶ್ಚಿಮಕ್ಕೆ ಕೊಂಚ ದೂರದಲ್ಲೇ ಲಿಂಗಾಂಬುಧಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗೆ 1828ರಲ್ಲಿ ಕಟ್ಟಿಸಿದ ಈ ಕೆರೆ ಈಗ ಅರಣ್ಯ ಇಲಾಖೆಯ ಕಾವಲಿನಲ್ಲಿದೆ. ಅಲ್ಲಿನ ಹಕ್ಕಿಗೆ ಕೆರೆಯ ಬೇಲಿ ಯಾವುದು, ಬಡಾವಣೆಯ ಬೇಲಿ ಯಾವುದು ಎಂಬ ಭೇದವಿಲ್ಲ. ಕೆರೆಯಂಚಿನಲ್ಲಿ ಮೇದು ಬಂದು ಅಡ್ಡರಸ್ತೆಯ ಮರದಲ್ಲಿ ಕೂರುತ್ತದೆ. ಕೆರೆಯ ಮರಕ್ಕೆ ಇಲಾಖೆಯ ಕಾವಲುಗಾರನಿದ್ದಾನೆ. ಬೀದಿಯ ಮರಕ್ಕೆ ಇರುವುದು ಒಂದು ಕಡತ.

ಆ ಕಡತ ಹುಟ್ಟುವುದು ಮನೆಯೊಂದರ ಗೇಟಿನ ಹತ್ತಿರ. ಬೇರು ಉಬ್ಬಿ ಕಾಂಪೌಂಡು ಬಿರುಕು ಬಿಟ್ಟಿರುತ್ತದೆ. ಗೇಟು ಪೂರ್ತಿ ತೆರೆಯುವುದಿಲ್ಲ. ಒಳಚರಂಡಿಯ ಪೈಪಿಗೆ ಬೇರು ನುಗ್ಗಿ ಮಳೆಗಾಲದಲ್ಲಿ ಮ್ಯಾನ್‌ಹೋಲ್ ಉಕ್ಕುತ್ತದೆ. ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದ್ದಾರೆ, ನೀರು ಕಾಯುವುದಿಲ್ಲ. ಬಾದಾಮಿ ಹಣ್ಣಿಗೆ ಬಾವಲಿ ಬಂದು ಹೊಸದಾಗಿ ಬಳಿದ ಗೋಡೆ ಕೊಳೆಯಾಗಿದೆ. ಮೂವತ್ತು ನಲವತ್ತರ ಸೈಟಿನಲ್ಲಿ ಹಳೆಯ ಹೆಂಚಿನ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸಿದವರಿಗೆ ಕೆಳಗೆ ಎರಡು ಕಾರು ನಿಲ್ಲಬೇಕು, ಮರ ಸರಿಯಾಗಿ ದಾರಿಯ ನಡುವೆ. ಅಂಗಡಿಯವರಿಗೆ ಬೋರ್ಡು ಕಾಣಬೇಕು. ವಾಸ್ತು ನೋಡುವವರು ಬಾಗಿಲಿಗೆ ಎದುರಾಗಿ ಮರ ಕೂಡದೆಂದಿದ್ದಾರೆ. ಇನ್ನು ಕೆಲವರದು ನಿಜವಾದ ಭಯ. ಭರಣಿ, ಕೃತ್ತಿಕೆ ಮಳೆಯ ಸಂಜೆ ಗಾಳಿ ಎದ್ದಾಗ ಮೈಸೂರಿನಲ್ಲಿ ಎಲ್ಲೋ ಒಂದು ಕಡೆ ಮರ ಉರುಳುವುದು ಪ್ರತಿ ವರ್ಷದ ಸುದ್ದಿ. ಕಾರು ಜಜ್ಜಿಹೋಗುತ್ತದೆ, ವಿದ್ಯುತ್ ಕಂಬ ಮುರಿಯುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಪಾಲಿಕೆಯ ‘ಅಭಯ’ ತಂಡದವರು ನಡುರಾತ್ರಿ ಗರಗಸ ಹಿಡಿದು ಬಂದು, ಟಾರ್ಚಿನ ಬೆಳಕಿನಲ್ಲಿ ಕೊಂಬೆ ತುಂಡರಿಸಿ ರಸ್ತೆ ಬಿಡಿಸಿಕೊಡುವುದನ್ನು ಕಂಡವರಿಗೆ ಗೊತ್ತು, ಆ ಭಯ ಸುಳ್ಳಲ್ಲ. ಮಾಳಿಗೆಯ ಮೇಲೆ ಒಣಕೊಂಬೆ ಬಾಗಿರುವಾಗ ಕೆಳಗಿನ ಕೋಣೆಯಲ್ಲಿ ಮಗುವನ್ನು ಮಲಗಿಸುವ ತಾಯಿಯ ಎದುರು ಪರಿಸರದ ಉಪನ್ಯಾಸ ಕೊಡುವುದು ನ್ಯಾಯವಲ್ಲ. ಅವರ ಅರ್ಜಿಯನ್ನು ಮೊದಲು ನೋಡಬೇಕು, ಬೇಗ ನೋಡಬೇಕು.

ಹಾಗೆಂದು ಕೊಡಲಿ ತಂದು ಕಡಿಯುವಂತಿಲ್ಲ. ಮರ ನಿಮ್ಮ ಕಾಂಪೌಂಡಿನೊಳಗೇ ಇರಲಿ, ನಿಮ್ಮ ತಾತನೇ ನೆಟ್ಟಿರಲಿ, ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಹೇಳುವುದು ಅದನ್ನೇ. ವೃಕ್ಷ ಪ್ರಾಧಿಕಾರ ಎಂಬುದೊಂದನ್ನೂ ಅದರ ಕೈಕೆಳಗೆ ವೃಕ್ಷಾಧಿಕಾರಿಯನ್ನೂ ಆ ಕಾಯ್ದೆ ಕೂರಿಸಿದೆ. ಮರಗಳ ಗಣತಿ ಮಾಡುವುದು, ಯಾವ ಜಾಗಕ್ಕೆ ಎಷ್ಟು ಮತ್ತು ಎಂಥ ಮರ ಬೇಕೆಂದು ಗೊತ್ತುಮಾಡುವುದು, ಸಸಿ ಬೆಳೆಸುವುದು ಇವೆಲ್ಲ ಪ್ರಾಧಿಕಾರದ ಕೆಲಸ. ಕಡಿಯಲು ಅರ್ಜಿ ಬಂದರೆ ಸ್ಥಳಕ್ಕೆ ಹೋಗಿ, ಮರ ನೋಡಿ, ವಿಚಾರಣೆ ಮಾಡಿ ತೀರ್ಮಾನಿಸುವುದು ವೃಕ್ಷಾಧಿಕಾರಿಯ ಕೆಲಸ. ಮರ ಸತ್ತಿದ್ದರೆ, ರೋಗ ಹಿಡಿದಿದ್ದರೆ, ಗಾಳಿಗೆ ಬಿದ್ದಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ, ಸಂಚಾರಕ್ಕೆ ಅಡ್ಡಿಯಾಗಿದ್ದರೆ, ಬೆಂಕಿ ಸಿಡಿಲು ಮಳೆಗೆ ಸಿಕ್ಕಿ ಹಾಳಾಗಿದ್ದರೆ ಅನುಮತಿ ನಿರಾಕರಿಸುವಂತಿಲ್ಲ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್‌ನಂಥ ಕೆಲವು ಜಾತಿಗಳಿಗೆ ಈ ಕಟ್ಟು ಇಲ್ಲ. ಹೊಂಗೆ ಬೇವುಗಳಿಗೆ ಇದೆ. ಅನುಮತಿ ಸಿಕ್ಕಿ ಕಡಿದವರು ಬದಲಿ ಸಸಿ ನೆಡಬೇಕು. ತೀರ್ಮಾನ ಒಪ್ಪದಿದ್ದವರಿಗೆ ಪ್ರಾಧಿಕಾರಕ್ಕೆ ಮೇಲ್ಮನವಿಯ ದಾರಿಯುಂಟು.

ಈ ಕಾಯ್ದೆಯಲ್ಲಿ ನನಗೆ ತುಂಬ ಹಿಡಿಸಿದ ಸಂಗತಿಯೊಂದಿದೆ. ಬುಡಕ್ಕೆ ಗರಗಸ ಹಾಕಿದರೆ ಮಾತ್ರ ಅಪರಾಧವೆಂದು ಅದು ಬರೆದಿಲ್ಲ. ಬೇರುಸಹಿತ ಕೀಳುವುದು, ಜೆಸಿಬಿಯಲ್ಲಿ ತಳ್ಳುವುದು, ತೊಗಟೆಯನ್ನು ಬಳೆಯ ಆಕಾರದಲ್ಲಿ ಸುಲಿಯುವುದು, ತಲೆ ಸವರುವುದು, ವಿಷ ಹಾಕುವುದು, ಸುಡುವುದು, ಇನ್ನಾವುದೇ ರೀತಿಯಲ್ಲಿ ಘಾಸಿ ಮಾಡುವುದು ಎಲ್ಲವನ್ನೂ ಅದು ಕಡಿತಲೆಯ ಲೆಕ್ಕಕ್ಕೇ ಸೇರಿಸಿದೆ. ಕಾನೂನು ಬರೆದವರು ಬೀದಿಗಳಲ್ಲಿ ಓಡಾಡಿ, ಮರ ಹೇಗೆ ಸಾಯುತ್ತದೆಂದು ಕಣ್ಣಾರೆ ಕಂಡವರೇ ಇರಬೇಕು.

ಯಾಕೆಂದರೆ ಬೀದಿಯಲ್ಲಿ ಮರ ಸಾಯುವುದು ಹೆಚ್ಚಾಗಿ ಹಾಗೆಯೇ. ಒಂದು ಬೇವಿನ ಬುಡದಲ್ಲಿ ಕೂತು ನೋಡಿ. ನೆಲದಿಂದ ಗೇಣುದ್ದ ಮೇಲೆ ಹೆಬ್ಬೆರಳು ಹೋಗುವಷ್ಟು ತೂತು, ಡ್ರಿಲ್ಲಿಂಗ್ ಮಶೀನಿನಿಂದ ಕೊರೆದದ್ದು, ಅಂಚು ಗುಂಡಗೆ ಶುದ್ಧವಾಗಿದೆ. ಒಳಗಿಂದ ಕಪ್ಪನೆಯ ರಸ ಇಳಿದು ತೊಗಟೆಯ ಗೀರುಗಳಲ್ಲಿ ಹೆಪ್ಪುಗಟ್ಟಿದೆ, ಅದರ ಮೇಲೆ ಇರುವೆ ಕೂಡ ಹತ್ತುತ್ತಿಲ್ಲ. ತೂತಿಗೆ ಏನು ಸುರಿದರೆಂದು ಯಾರೂ ಹೇಳುವುದಿಲ್ಲ. ಆಸಿಡ್ ಎನ್ನುವವರಿದ್ದಾರೆ, ಮೈಲುತುತ್ತ ಎನ್ನುವವರಿದ್ದಾರೆ, ಇಂಗು ತುಂಬಿದರೂ ಒಣಗುತ್ತದಂತೆ ಎನ್ನುವ ಹಳಬರಿದ್ದಾರೆ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ತುದಿಯೆಲೆ ಕಂದು, ಮರು ಬೇಸಿಗೆಗೆ ಬೋಳು. ಆಮೇಲೆ ಬರುವ ಅರ್ಜಿಯಲ್ಲಿ ‘ಮರವು ಒಣಗಿದ್ದು, ಯಾವ ಕ್ಷಣದಲ್ಲಾದರೂ ಬೀಳುವ ಸ್ಥಿತಿಯಲ್ಲಿರುತ್ತದೆ’ ಎಂದಿರುತ್ತದೆ. ಆ ಹೊತ್ತಿಗೆ ಅದು ನಿಜವೇ ಆಗಿರುತ್ತದೆ. ಸತ್ತ ಮರಕ್ಕೆ ಅನುಮತಿ ಕೊಡದೆ ಅಧಿಕಾರಿಯಾದರೂ ಏನು ಮಾಡಿಯಾರು? ಮರ ಒಣಗಿದೆಯೇ ಎಂದು ನೋಡುವ ಕಣ್ಣು, ಹೇಗೆ ಒಣಗಿತೆಂದು ಬುಡಕ್ಕೆ ಬಗ್ಗಿ ನೋಡುವ ಸೊಂಟ, ಎರಡೂ ಬೇಕು.

ಇನ್ನೊಂದು ಸಾವು ಇದಕ್ಕಿಂತ ನಿಧಾನ. ಫುಟ್‌ಪಾತಿಗೆ ಟೈಲ್ಸ್ ಹಾಕುವಾಗ ಬುಡದ ಸುತ್ತ ಅಂಗೈಯಗಲ ಮಣ್ಣನ್ನೂ ಬಿಡದೆ ಕಾಂಕ್ರೀಟ್ ಸುರಿಯುವುದು. ನೀರಿಳಿಯುವುದಿಲ್ಲ, ಬೇರಿಗೆ ಉಸಿರಿಲ್ಲ. ಚರಂಡಿ ತೋಡಲು ಬಂದವರು ಒಂದು ಬದಿಯ ಬೇರನ್ನೆಲ್ಲ ಕತ್ತರಿಸಿ ಹೋಗುತ್ತಾರೆ. ಹತ್ತು ವರ್ಷ ಬಿಟ್ಟು ಗಾಳಿಗೆ ಮರ ಉರುಳಿದಾಗ ‘ನೋಡಿ, ಬೇರೇ ಇರಲಿಲ್ಲ’ ಎಂದು ಎಲ್ಲರೂ ಸೇರಿ ಬೆರಗಾಗುತ್ತಾರೆ.

ಸ್ಥಳ ಪರಿಶೀಲನೆಯ ಬೆಳಿಗ್ಗೆ ಹೇಗಿರುತ್ತದೆ? ಶ್ರೀರಾಂಪುರಕ್ಕೆ ಅಶೋಕಪುರಂನ ಅರಣ್ಯ ಭವನವೇನೂ ದೂರವಲ್ಲ. ಖಾಕಿ ತೊಟ್ಟ ಗಾರ್ಡ್ ಬೈಕಿನಲ್ಲಿ ಬರುತ್ತಾರೆ, ಹಿಂದೆ ಜೀಪಿನಲ್ಲಿ ಅಧಿಕಾರಿ. ಅರ್ಜಿ ಕೊಟ್ಟ ಮನೆಯವರು ಗೇಟಿನ ಹೊರಗೇ ಕಾದಿದ್ದಾರೆ, ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಅದರೊಳಗೆ ಕಂದಾಯ ಕಟ್ಟಿದ ರಸೀದಿ, ಬಿರುಕು ಬಿಟ್ಟ ಗೋಡೆಯ ಫೋಟೊ. ಒಳಗಿಂದ ಕಾಫಿಯ ವಾಸನೆ. ಮರ ಮಧ್ಯವಯಸ್ಸಿನ ಹೊಂಗೆ. ಗಾರ್ಡ್ ಟೇಪು ಬಿಚ್ಚಿ ಎದೆಮಟ್ಟಕ್ಕೆ ಹಿಡಿಯುತ್ತಾರೆ. ನೆಲದಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ತೆಗೆಯುವುದು ಅರಣ್ಯದವರ ಲೆಕ್ಕ. ಟೇಪು ತೊಗಟೆಯ ಗಂಟಿಗೆ ಸಿಕ್ಕಿ ಜಾರುತ್ತದೆ. ಎಡಗೈಯಲ್ಲಿ ಒತ್ತಿ ಹಿಡಿದು, ಕತ್ತು ವಾರೆ ಮಾಡಿ ಅಂಕಿ ಓದುತ್ತಾರೆ. ಜೊತೆಗಿದ್ದ ಹುಡುಗ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಜಾತಿ: ಹೊಂಗೆ. ಸುತ್ತಳತೆ ಇಷ್ಟು. ಎತ್ತರ ಅಂದಾಜು ಇಷ್ಟು. ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೊ. ಅಧಿಕಾರಿ ಕಾಂಡವನ್ನು ಬೆರಳ ಗಿಣ್ಣಿನಿಂದ ತಟ್ಟಿ ಕಿವಿಗೊಡುತ್ತಾರೆ. ಟೊಳ್ಳಾಗಿದ್ದರೆ ಸದ್ದೇ ಬೇರೆ, ಇದು ಗಟ್ಟಿ. ಒಂದು ಹಳೆಯ ಗಾಯದ ಹತ್ತಿರ ಚಾಕುವಿನ ತುದಿಯಿಂದ ತೊಗಟೆಯನ್ನು ಉಗುರಿನಷ್ಟು ಕೆರೆದು ನೋಡುತ್ತಾರೆ. ಕೆಳಗೆ ಹಸಿರು, ಒದ್ದೆ.

‘ಮರ ಚೆನ್ನಾಗಿದೆಯಲ್ಲ ಸ್ವಾಮಿ.’

‘ಮರ ಚೆನ್ನಾಗೇ ಇದೆ ಸಾರ್, ಗೋಡೆ ಚೆನ್ನಾಗಿಲ್ಲ’ ಎನ್ನುತ್ತಾರೆ ಮನೆಯವರು. ಅವರ ದನಿಯಲ್ಲಿ ದ್ವೇಷವಿಲ್ಲ, ದಣಿವಿದೆ. ಆ ಗೋಡೆಯನ್ನು ಈಗಾಗಲೇ ಒಮ್ಮೆ ಕಟ್ಟಿಸಿದ್ದಾರೆ.

ಇಷ್ಟೆಲ್ಲ ನಡೆಯುವಾಗ ಮರದ ಇನ್ನೊಂದು ಬದಿಯಲ್ಲಿ ಇಸ್ತ್ರಿ ಗಾಡಿಯವರೊಬ್ಬರು ಕೆಲಸ ನಿಲ್ಲಿಸಿ ನಿಂತಿದ್ದಾರೆ. ಮರದ ಕೆಳಗಿನ ಕೊಂಬೆಗೆ ಅವರ ನೀರಿನ ಬಾಟಲಿ ತೂಗುತ್ತದೆ, ಇನ್ನೊಂದಕ್ಕೆ ಮಳೆಯಂಗಿ. ಕಾಂಡಕ್ಕೆ ಹೊಡೆದ ಮೊಳೆಯಲ್ಲಿ ಚಾಮುಂಡೇಶ್ವರಿಯ ಪಟ. ಕೆಂಡ ತುಂಬಿದ ಪೆಟ್ಟಿಗೆ ಹಿಡಿದು ದಿನವಿಡೀ ನಿಲ್ಲುವ ಮನುಷ್ಯನಿಗೆ ತಲೆಯ ಮೇಲೆ ಹೊಂಗೆ ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ವ್ಯತ್ಯಾಸ! ಬೆಂಗಳೂರಿನ ಬೀದಿಗಳಲ್ಲಿ ಸಂಶೋಧಕಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಆ ವ್ಯತ್ಯಾಸಕ್ಕೆ ಅಂಕಿ ಕೊಟ್ಟಿದೆ. ಮರವಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೆ ಕಡಿಮೆ, ಡಾಂಬರಿನ ಮೈ 27.5 ಡಿಗ್ರಿಯವರೆಗೂ ತಣ್ಣಗೆ. ಈ ಗಾಡಿಯವರಿಗೆ ಅದನ್ನು ಓದಿ ಹೇಳಬೇಕಿಲ್ಲ. ಆದರೆ ಅವರನ್ನು ಕೇಳುವವರೂ ಇಲ್ಲ. ಅರ್ಜಿಯಲ್ಲಿ ಅರ್ಜಿದಾರರಿದ್ದಾರೆ, ಮರವಿದೆ, ಕಾರಣವಿದೆ. ನೆರಳಿನಲ್ಲಿ ಬದುಕುವವರಿಗೆಂದು ಒಂದು ಸಾಲೂ ಇಲ್ಲ. ಮಹಜರಿಗೆ ಪಂಚರಾಗಿ ಸಹಿ ಹಾಕಲು ಅಕ್ಕಪಕ್ಕದ ಇಬ್ಬರನ್ನು ಕರೆಯುತ್ತಾರೆ. ಅವರು ಸಹಿ ಹಾಕುವುದು ಅಳತೆಗೆ, ಅಭಿಪ್ರಾಯಕ್ಕಲ್ಲ.

ಅಂದು ಮಾತ್ರ ಎದುರುಮನೆಯ ನಿವೃತ್ತ ಮೇಷ್ಟ್ರು ಕರೆಯದೆಯೇ ಬಂದರು. ಲುಂಗಿ, ಬನಿಯನ್, ಕೈಯಲ್ಲಿ ಮಡಿಸಿದ ಪೇಪರು. ‘ಬಲಗಡೆಯ ಬೇರು ಒಂದೇ ಗೋಡೆಗೆ ಒತ್ತುತ್ತಿರೋದು. ಅಲ್ಲಿ ಮೂರಡಿ ಗೋಡೆ ಬಿಟ್ಟು ಕಂಬಿ ಜಾಲರಿ ಹಾಕಿದರೆ ಮುಗೀತಲ್ಲ. ಮಾಳಿಗೆ ಮೇಲಿನ ಎರಡು ಕೊಂಬೆ ತೆಗೀರಿ, ಬೇಡ ಅನ್ನಲ್ಲ. ಮರ ಯಾಕೆ?’ ಎಂದರು. ಮನೆಯವರಿಗೆ ಮೊದಲು ಸಿಟ್ಟು ಬಂತು. ನಿಮ್ಮ ಗೋಡೆಯಾಗಿದ್ದರೆ ಗೊತ್ತಾಗುತ್ತಿತ್ತು ಎಂದರು. ಮಾತಿಗೆ ಮಾತು ಬೆಳೆಯಿತು. ಬೀದಿಯ ಇನ್ನೂ ನಾಲ್ಕು ಜನ ಸೇರಿದರು. ಒಬ್ಬಾಕೆ ತನ್ನ ಮನೆಗೂ ಎಲೆ ಉದುರುತ್ತದೆ, ಚರಂಡಿ ಕಟ್ಟುತ್ತದೆ, ತೆಗೆದರೇ ಒಳ್ಳೆಯದೆಂದು ಅರ್ಜಿದಾರರ ಪರ ನಿಂತರು. ಅಧಿಕಾರಿ ಎಲ್ಲರ ಮಾತನ್ನೂ ಕೇಳಿಸಿಕೊಂಡು, ಗೋಡೆಯ ಬಿರುಕಿಗೆ ಕೈಯಿಟ್ಟು, ಬೇರು ಎತ್ತ ಹೋಗಿದೆ ಎಂದು ಬಗ್ಗಿ ನೋಡಿದರು. ಆಮೇಲೆ ಬಂದ ಆದೇಶದಲ್ಲಿ ಮರ ಉಳಿಯಿತು, ಮಾಳಿಗೆಯ ಕಡೆಯ ಎರಡು ಕೊಂಬೆಗಳನ್ನು ಮಾತ್ರ ಸವರಲು ಅನುಮತಿ ಸಿಕ್ಕಿತು. ಗೋಡೆಗೆ ಜಾಲರಿ ಬಂತು. ಮಾಮೂಲಿ ಬೇಲಿಜಗಳದ ಹಾಗೆ ಕಂಡ ಆ ಅರ್ಧ ಗಂಟೆಯೇ ನನ್ನ ಪಾಲಿಗೆ ಇಡೀ ಪ್ರಕ್ರಿಯೆಯ ಜೀವಾಳ. ಮರದ ಹಣೆಬರಹ ಅದರ ಬುಡದಲ್ಲೇ, ಅದನ್ನು ಬೇಡವೆನ್ನುವವರೂ ಬೇಕೆನ್ನುವವರೂ ಎದುರುಬದುರು ನಿಂತಿರುವಾಗ ತೀರ್ಮಾನವಾಗಬೇಕು. ಮೇಷ್ಟ್ರು ಅಂದು ಪೇಪರು ಓದುತ್ತ ಒಳಗೇ ಕೂತಿದ್ದರೆ? ಒಂದು ಮರದ ಉಳಿವು ಎದುರುಮನೆಯವರ ಪುರುಸೊತ್ತಿನ ಮೇಲೆ ನಿಲ್ಲಬಾರದು.

ಒಂಟಿ ಮರಕ್ಕೆ ಹೀಗೆ ಟೇಪು ಹಿಡಿದು ತೊಗಟೆ ಕೆರೆದು ನೋಡುವ ಊರಿನಲ್ಲೇ 2025ರ ಏಪ್ರಿಲ್‌ನಲ್ಲಿ ಹೈದರ್ ಅಲಿ ರಸ್ತೆಯ 40 ಮರಗಳು ರಾತ್ರೋರಾತ್ರಿ ಉರುಳಿದವು. ನಜರ್‌ಬಾದ್ ಕಡೆ ಎಸ್‌ಪಿ ಕಚೇರಿ ವೃತ್ತದಿಂದ ಕಾಳಿಕಾಂಬ ದೇವಸ್ಥಾನದತ್ತ ಹೋಗುವ ಆ ರಸ್ತೆ ಅಗಲವಾಗಬೇಕಿತ್ತು. ಪಾಲಿಕೆ ಕೇಳಿತ್ತು, ಅರಣ್ಯ ಇಲಾಖೆ ಅನುಮತಿ ಕೊಟ್ಟಿತ್ತು. ಕಾಗದ ಎಲ್ಲವೂ ಇತ್ತು. ಬೆಳಿಗ್ಗೆ ವಾಕಿಂಗ್ ಹೋದವರಿಗೆ ಕಂಡದ್ದು ಸಾಲು ಬೊಡ್ಡೆಗಳು, ಹಸಿ ಮರದ ಪುಡಿ, ಮೇಲೆ ಬರಿಯ ಆಕಾಶ. ಜನ ಅಲ್ಲಿಗೆ ಬಂದು ನಿಂತರು, ಬೊಡ್ಡೆಗಳಿಗೆ ಶ್ರದ್ಧಾಂಜಲಿ ಸಲ್ಲಿಸಿದರು, ಮೇಣದಬತ್ತಿ ಹಚ್ಚಿದರು. ಊರು ಅಷ್ಟು ನೊಂದುಕೊಂಡದ್ದು ರಸ್ತೆ ಅಗಲವಾಗುವುದಕ್ಕಲ್ಲ, ಹೇಳದೆ ಕೇಳದೆ ಕಡಿದದ್ದಕ್ಕೆ.

ಕಾನೂನಿನಲ್ಲಿ ಒಂದು ಗೆರೆಯಿದೆ. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಮಾತ್ರ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ನಲವತ್ತು ಆ ಗೆರೆಯ ಒಳಗಿದೆ. ಗೆರೆ ದಾಟಿದಾಗ ಏನಾಗುತ್ತದೆ ಎಂಬುದನ್ನೂ ಮೈಸೂರೇ ತೋರಿಸಿದೆ. 2021ರ ಏಪ್ರಿಲ್‌ನಲ್ಲಿ ಲಲಿತಮಹಲ್ ಅರಮನೆಯ ಬಳಿ ಹೆಲಿ ಟೂರಿಸಂಗಾಗಿ ಸುಮಾರು 700 ಮರ ತೆಗೆಯುವ ಪ್ರಸ್ತಾವ ಬಂದಾಗ ಅರಣ್ಯ ಇಲಾಖೆ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕರೆಯಿತು. ಪತ್ರಗಳು ಬಂದವು, ಸಹಿ ಸಂಗ್ರಹವಾಯಿತು, ರಾಜಮನೆತನದವರಿಂದ ಹಿಡಿದು ಕಾಲೇಜು ಹುಡುಗರವರೆಗೆ ಬೇಡವೆಂದರು. ಆ ಮರಗಳು ಉಳಿದವು. ಅದೇ ಊರು, ಅದೇ ಇಲಾಖೆ, ಅದೇ ಕಾಯ್ದೆ. ಒಂದು ಕಡೆ ಕೇಳಿದರು, ಒಂದು ಕಡೆ ಕೇಳಬೇಕಾದ ಅಗತ್ಯ ಬೀಳಲಿಲ್ಲ. ಐವತ್ತಕ್ಕೆ ಕೇಳುವುದನ್ನು ಐದಕ್ಕೂ ಕೇಳಬೇಕು ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಒಂದಕ್ಕೂ ಕೇಳಬೇಕು. ದೊಡ್ಡ ಖರ್ಚಿನ ಮಾತಲ್ಲ ಅದು. ಅರ್ಜಿ ಬಂದ ಮರದ ಕಾಂಡಕ್ಕೇ ಒಂದು ಹಾಳೆ ಕಟ್ಟಿ, ‘ಈ ಮರ ತೆಗೆಯಲು ಇಂಥ ಕಾರಣಕ್ಕೆ ಅರ್ಜಿ ಬಂದಿದೆ, ಇಂಥ ದಿನ ಇಷ್ಟು ಗಂಟೆಗೆ ಪರಿಶೀಲನೆ’ ಎಂದು ದಪ್ಪಕ್ಷರದ ಕನ್ನಡದಲ್ಲಿ ಬರೆದರೆ ಸಾಕು. ಇಸ್ತ್ರಿ ಗಾಡಿಯವರು ಓದುತ್ತಾರೆ, ಹಾಲಿನವರು ಓದುತ್ತಾರೆ, ಶಾಲೆಗೆ ಹೋಗುವ ಮಕ್ಕಳು ಓದಿ ಮನೆಯಲ್ಲಿ ಹೇಳುತ್ತಾರೆ.

ಇಂಗ್ಲೆಂಡಿನಲ್ಲಿ ಸ್ಥಳೀಯ ಕೌನ್ಸಿಲ್‌ಗಳಿಗೆ ಒಂದೇ ಒಂದು ಮರಕ್ಕೂ ಸಂರಕ್ಷಣಾ ಆದೇಶ ಹೊರಡಿಸುವ ಅಧಿಕಾರವಿದೆ. ಕಡಿಯುವ ಅರ್ಜಿ ಬರಲೆಂದು ಕಾಯದೆ, ಈ ಮರ ಊರಿಗೆ ಬೇಕು ಎಂದು ಮೊದಲೇ ಹೆಸರು ಹಿಡಿದು ಹೇಳಿಬಿಡುವ ಕ್ರಮ ಅದು. ನಮ್ಮಲ್ಲಿ ಮರದ ಹೆಸರು ಕಡತಕ್ಕೆ ಬರುವುದೇ ಅದನ್ನು ತೆಗೆಯಬೇಕೆಂದಾಗ. ಕಾಯ್ದೆ ಹೇಳಿರುವ ಗಣತಿ ಬೀದಿ ಬೀದಿಯಲ್ಲೂ ನಡೆದು, ಪ್ರತಿ ಮರಕ್ಕೂ ಒಂದು ಸಂಖ್ಯೆ ಬಿದ್ದರೆ, ಕಾಣೆಯಾದ ಮರವಾದರೂ ಲೆಕ್ಕಕ್ಕೆ ಸಿಗುತ್ತದೆ.

ಶ್ರೀಗಂಧದ ಮಾತು ಬೇರೆ. ಮೈಸೂರಿನಲ್ಲಿ ಕಾಂಪೌಂಡಿನೊಳಗೆ ಹಕ್ಕಿ ಉದುರಿಸಿದ ಬೀಜದಿಂದ ಗಂಧದ ಗಿಡ ತಾನಾಗಿ ಏಳುವುದುಂಟು. ಶ್ರೀರಾಂಪುರದಂಥ ಬಡಾವಣೆಯಲ್ಲಿ ಅದನ್ನು ಕಂಡರೆ ಮನೆಯವರಿಗೆ ಹಿಗ್ಗೂ ಆತಂಕವೂ ಒಟ್ಟಿಗೇ. ಹಿಂದೆ ಅದು ಎಲ್ಲೇ ಬೆಳೆದರೂ ಸರ್ಕಾರದ್ದು. 2001ರ ತಿದ್ದುಪಡಿಯ ಮೇಲೆ ಜಮೀನಿನ ಒಡೆಯರಿಗೇ ಸೇರಿತು, ಆದರೆ ಕಡಿಯಲು ಇಲಾಖೆಯ ಅನುಮತಿ ಬೇಕೇ ಬೇಕು. ಕಳ್ಳರಿಗೆ ಯಾವ ಅನುಮತಿಯೂ ಬೇಡ. ರಾತ್ರಿ ಸಣ್ಣ ಗರಗಸ ತಂದು ಸದ್ದಿಲ್ಲದೆ ಕೊಯ್ದೊಯ್ಯುತ್ತಾರೆ. ಬೆಳಿಗ್ಗೆ ಎದ್ದವರಿಗೆ ಬೊಡ್ಡೆಯ ಘಮವಷ್ಟೇ ಉಳಿದಿರುತ್ತದೆ.

ಕಡಿಯುವ ತೀರ್ಮಾನದ ಬಗ್ಗೆ ಇಷ್ಟು ಮಾತಾಡುವಾಗ, ನೆಡುವ ತೀರ್ಮಾನವನ್ನು ಬಿಟ್ಟರೆ ಅರ್ಧ ಮಾತಾಡಿದಂತೆ. ಇಂದು ಅರ್ಜಿಯಲ್ಲಿ ಬರುವ ಹೆಚ್ಚಿನ ತಕರಾರುಗಳು ಸಸಿ ನೆಟ್ಟ ದಿನವೇ ಹುಟ್ಟಿದವು. ವಿದ್ಯುತ್ ತಂತಿಯ ನೇರ ಕೆಳಗೆ ಪೆಲ್ಟೋಫಾರಂ ನೆಟ್ಟರೆ ಚೆಸ್ಕಾಂನವರು ಪ್ರತಿ ಬೇಸಿಗೆಯ ಕೊನೆಗೆ ಬಂದು ಅದರ ತಲೆ ಕಡಿಯಲೇಬೇಕು. ನಡುವೆ ಕೊರೆದು ಎರಡು ಕವಲಾಗಿ ನಿಂತ ಮರ ಸಮತೋಲ ಕಳೆದುಕೊಂಡು ಒಂದು ಕಡೆಗೆ ವಾಲುತ್ತದೆ, ಆಮೇಲೆ ಅದೇ ಅಪಾಯಕಾರಿ ಮರವೆನಿಸಿಕೊಳ್ಳುತ್ತದೆ. ಗೇಟು ಎಲ್ಲಿ ಬರುತ್ತದೆಂದು ನೋಡದೆ ಸೈಟಿನ ನಡುಮಧ್ಯಕ್ಕೆ ನೆಟ್ಟ ಗಿಡ, ಮನೆ ಎದ್ದಾಗ ಅಡ್ಡಿಯಾಗುತ್ತದೆ.

ರಿಂಗ್ ರಸ್ತೆಯ ಕಡೆ ನಡೆದರೆ ಹೊಸ ಬಡಾವಣೆಗಳು ಸಾಲುಗಟ್ಟಿವೆ. 2020ರಲ್ಲಿ ಶ್ರೀರಾಂಪುರದ ಹೆಸರಿನಲ್ಲೇ ಒಂದು ಪಟ್ಟಣ ಪಂಚಾಯಿತಿಯಾಯಿತು. ಬೋಗಾದಿ, ರಮ್ಮನಹಳ್ಳಿ, ಕಡಕೊಳಗಳೂ ಆಗ ಪಟ್ಟಣ ಪಂಚಾಯಿತಿಗಳಾದವು, ಹೂಟಗಳ್ಳಿ ನಗರಸಭೆಯಾಯಿತು. ಮೊನ್ನೆ ಮೊನ್ನೆಯವರೆಗೆ ರಾಗಿ, ಹುರುಳಿ ಬೆಳೆದ ಹೊಲಗಳಲ್ಲಿ ಈಗ ನಲವತ್ತಡಿ ಅಗಲದ ಕಪ್ಪು ರಸ್ತೆ, ಬಿಳಿ ಕಲ್ಲು ನೆಟ್ಟ ಸೈಟುಗಳು. ಮರಗಳಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಆ ರಸ್ತೆಯಲ್ಲಿ ನಾಯಿ ಕೂಡ ನಿಲ್ಲುವುದಿಲ್ಲ, ಅಲ್ಲೊಂದು ಇಲ್ಲೊಂದು ಟ್ರಾನ್ಸ್‌ಫಾರ್ಮರಿನ ನೆರಳು ಹುಡುಕಿ ಮಲಗುತ್ತದೆ. ಇಲ್ಲಿ ಕಡಿಯಲು ಅರ್ಜಿ ಹಾಕುವವರಿಲ್ಲ. ಇಲ್ಲಿ ಬೇಕಾದದ್ದು ಸರಿಯಾದ ಜಾಗದಲ್ಲಿ ಸರಿಯಾದ ಗುಂಡಿ.

ಮುಂಗಾರು ಹಿಡಿದ ಮೇಲೆ ಅಂಥದೊಂದು ರಸ್ತೆಯಲ್ಲಿ ಸಸಿ ನೆಡುವ ಭಾನುವಾರ. ಟೆಂಪೊದಲ್ಲಿ ಸಸಿ ಬಂದಿವೆ, ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಹೊಂಗೆ, ಬೇವು, ನೇರಳೆ, ಹೊಳೆದಾಸವಾಳ. ಬಡಾವಣೆಯವರು ಛತ್ರಿ ಹಿಡಿದು ನೆರೆದಿದ್ದಾರೆ. ಪರಿಚಯದ ಲೈನ್‌ಮನ್ ಒಬ್ಬರು ತಂತಿಯ ಕಡೆ ಕೈ ತೋರಿಸಿ, ‘ಈ ಸಾಲಿಗೆ ಎತ್ತರದ್ದು ಬೇಡ್ರಪ್ಪಾ, ಹೊಳೆದಾಸವಾಳ ಹಾಕ್ಕೊಳ್ಳಿ, ಹೊಂಗೆ ಬೇವು ಎಲ್ಲಾ ಆ ಕಡೆಗೆ’ ಎನ್ನುತ್ತಾರೆ. ಎಳೆಯನೊಬ್ಬ ಪಟ್ಟಿ ಹಿಡಿದು ಗುಂಡಿಯಿಂದ ಗುಂಡಿಗೆ ದೂರ ಅಳೆಯುತ್ತಾನೆ. ವಯಸ್ಸಾದ ಹೆಂಗಸೊಬ್ಬರು ನೇರಳೆ ಸಸಿಯೊಂದನ್ನು ಎತ್ತಿಕೊಂಡು ಬಿಡುತ್ತಿಲ್ಲ, ಅದು ತಮ್ಮ ಮನೆಯ ಮುಂದೆಯೇ ಬೇಕಂತೆ. ಪಕ್ಕದ ಮನೆಯ ಯುವಕನಿಗೆ ಹಣ್ಣು ಉದುರಿ ಕಾರಿಗೆ ಕಲೆಯಾಗುತ್ತದೆಂಬ ಚಿಂತೆ. ಜೋರು ಚರ್ಚೆಯಾಗಿ, ಪಾರ್ಕಿಗೆ ಬಿಟ್ಟ ಜಾಗದ ಅಂಚಿಗೆ, ಇಬ್ಬರ ಮನೆಯಿಂದಲೂ ಆಚೆಗೆ ನೇರಳೆಯ ಜಾಗ ಗೊತ್ತಾಯಿತು.

ಗುದ್ದಲಿ ಹಿಡಿದವನಿಗೆ ಆಕೆ ಹೇಳುತ್ತಿದ್ದರು: ‘ಒಂದಡಿ ತೋಡಿ ನಿಲ್ಲಿಸ್ಬೇಡ ಮಗಾ, ಮೂರಡಿ ಇಳೀಲಿ. ಸುತ್ತ ನಾಲ್ಕಡಿ ಮಣ್ಣು ಹಂಗೇ ಇರ್ಲಿ. ನಾಳೆ ಬುಡಕ್ಕೆ ಸಿಮೆಂಟು ಹಾಕೋಕೆ ಯಾರಾದ್ರೂ ಬಂದ್ರೆ ನನ್ನ ಕರಿ, ನಾನು ನೋಡ್ಕೋತೀನಿ.’